ದೂರದ ಓಟ ಮತ್ತು ಶಕ್ತಿಯ ಲೆಕ್ಕ

1908ನೆಯ ಇಸವಿಯ ಜುಲೈ 24ರಂದು ಲಂಡನ್ನಿನಲ್ಲಿ ಒಲಿಂಪಿಕ್ ಮ್ಯಾರಥಾನ್ ಓಟ ನಡೆಯಿತು. ಆ ದಿನ ಸೆಕೆ ಬಲವಾಗಿತ್ತು. ಎಲ್ಲರಿಗಿಂತ ಮೊದಲು ಕ್ರೀಡಾಂಗಣವನ್ನು ಹೊಕ್ಕವನು ಇಟಲಿಯ ಡೊರಾಂಡೊ ಪಿಯೆಟ್ರಿ. ಗುರಿಗೆ ಉಳಿದಿದ್ದುದು ನಾಲ್ಕುನೂರು ಮೀಟರಿಗೂ ಕಡಿಮೆ. ಆದರೆ ಅವನು ದಿಕ್ಕು ತಪ್ಪಿದನು; ಕುಸಿದನು; ಎದ್ದು ಮತ್ತೆ ಮತ್ತೆ ಬಿದ್ದನು. ಅಧಿಕಾರಿಗಳು ಅವನನ್ನು ಹಿಡಿದು ಗೆರೆ ದಾಟಿಸಿದರು. ಅನ್ಯರ ನೆರವು ಪಡೆದನೆಂದು ಅವನ ಗೆಲುವು ರದ್ದಾಗಿ, ಚಿನ್ನದ ಪದಕವು ಅಮೆರಿಕದ ಜಾನಿ ಹೇಯ್ಸ್‌ಗೆ ಸಂದಿತು. ಹೇಯ್ಸ್ ಮೊದಲು ಹಿಂದೆಯೇ ಉಳಿದು, ಕೊನೆಯ ಭಾಗದಲ್ಲಿ ಒಬ್ಬೊಬ್ಬರನ್ನೇ ದಾಟಿ ಬಂದಿದ್ದನು.

ಪಳಗಿದ ಓಟಗಾರನೂ ಗುರಿಯ ಸಮೀಪದಲ್ಲಿ ಸೋಲುವುದೇಕೆ? ಸೆಕೆಯು ಒಂದು ಕಾರಣ. ಇನ್ನೊಂದು ಕಾರಣವನ್ನು ತಿಳಿಯಲು ದೇಹದ ಶಕ್ತಿಯ ಜಮಾ-ಖರ್ಚನ್ನು ನಾವು ನೋಡಬೇಕು.

ನಾವು ಉಂಡ ಅನ್ನ, ರಾಗಿಗಳ ಪಿಷ್ಟವು ಸಕ್ಕರೆಯಾಗಿ, ಗ್ಲೈಕೊಜನ್ ಎಂಬ ರೂಪದಲ್ಲಿ ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ಶೇಖರವಾಗುತ್ತದೆ. ಚೆನ್ನಾಗಿ ಉಂಡು ವಿಶ್ರಮಿಸಿದವನಲ್ಲಿ ಇದು ಸುಮಾರು 500 ಗ್ರಾಂ ಇರಬಹುದು. ಒಂದು ಗ್ರಾಂಗೆ 4 ಕಿಲೋಕ್ಯಾಲೊರಿಯಂತೆ ಒಟ್ಟು 2,000 ಕಿಲೋಕ್ಯಾಲೊರಿ. ಓಡುವವನು ತನ್ನ ತೂಕದ ಪ್ರತಿ ಕಿಲೋಗ್ರಾಮಿಗೆ, ಪ್ರತಿ ಕಿಲೋಮೀಟರಿಗೆ, ಸರಿಸುಮಾರು 1 ಕಿಲೋಕ್ಯಾಲೊರಿಯನ್ನು ವ್ಯಯಿಸುತ್ತಾನೆ. ಹಾಗಾದರೆ 60 ಕಿಲೋಗ್ರಾಂ ತೂಕದವನಿಗೆ ಮ್ಯಾರಥಾನಿನ 42.195 ಕಿಲೋಮೀಟರಿಗೆ ಬೇಕಾದುದು ಸುಮಾರು 2,500. ಖರ್ಚು ಜಮೆಯನ್ನು ಮೀರಿತು! ಅಷ್ಟೇ ಅಲ್ಲ, ತೋಳಿನ ಸ್ನಾಯುಗಳಲ್ಲಿರುವ ಗ್ಲೈಕೊಜನ್ ಸಕ್ಕರೆಯಾಗಿ ರಕ್ತಕ್ಕೆ ಇಳಿದು ಕಾಲಿಗೆ ಒದಗಲಾರದು.

ಉಳಿದುದನ್ನು ಕೊಬ್ಬು ತುಂಬಿಕೊಡಬೇಕು. ಕೃಶನಾದ ಓಟಗಾರನಲ್ಲಿಯೂ ಕೊಬ್ಬು ಹಲವು ಮ್ಯಾರಥಾನುಗಳಿಗೆ ಸಾಲುವಷ್ಟಿರುತ್ತದೆ. ಆದರೆ ಅದರಿಂದ ಶಕ್ತಿಯು ನಿಧಾನವಾಗಿ ಹೊರಡುತ್ತದೆ. ಅದೇ ಪ್ರಮಾಣದ ಶಕ್ತಿಗೆ ಹೆಚ್ಚು ಆಮ್ಲಜನಕವೂ ಬೇಕು. ವೇಗ ಹೆಚ್ಚಿದಂತೆ ದೇಹವು ಗ್ಲೈಕೊಜನ್ನನ್ನೇ ಹೆಚ್ಚು ಬಳಸುತ್ತದೆ. ಆದುದರಿಂದ ಮೊದಲ ಕೆಲವು ಕಿಲೋಮೀಟರುಗಳಲ್ಲಿ ಜನರ ಹರ್ಷೋದ್ಗಾರಕ್ಕೆ ಉಬ್ಬಿ ಓಡಿದವನು, ಕೊನೆಗೆ ಬೇಕಾಗುವುದನ್ನು ಆಗಲೇ ಕಳೆದುಕೊಂಡಿರುತ್ತಾನೆ. 30 ಕಿಲೋಮೀಟರು ದಾಟಿದ ಮೇಲೆ ಹಲವರ ಕಾಲುಗಳು ಸೀಸದಂತೆ ಭಾರವಾಗುವುದಕ್ಕೆ ಇದು ಮುಖ್ಯ ಕಾರಣ.

ಹಾಗಾದರೆ ಪಂದ್ಯದ ದಿನ ಮಾಡಬೇಕಾದುದೇನು? ಮೊದಲನೆಯದು, ಸಮವೇಗ. 2023ರಲ್ಲಿ ಶಿಕಾಗೋ ನಗರದಲ್ಲಿ ಕೀನ್ಯಾದ ಕೆಲ್ವಿನ್ ಕಿಪ್ಟಮ್ ಮೊದಲರ್ಧವನ್ನು 60 ನಿಮಿಷ 48 ಸೆಕೆಂಡುಗಳಲ್ಲಿಯೂ, ಎರಡನೆಯ ಅರ್ಧವನ್ನು 59 ನಿಮಿಷ 47 ಸೆಕೆಂಡುಗಳಲ್ಲಿಯೂ ಓಡಿ ಹೊಸ ವಿಶ್ವದಾಖಲೆಯನ್ನು ಸ್ಥಾಪಿಸಿದನು. ಎರಡನೆಯದು, ಆಹಾರ. ಹಸಿವಾಗುವವರೆಗೆ ಕಾಯದೆ, ಗಂಟೆಗೆ 30ರಿಂದ 60 ಗ್ರಾಂ ಸಕ್ಕರೆಯನ್ನು ಸ್ವಲ್ಪಸ್ವಲ್ಪವಾಗಿ ಸೇವಿಸಬೇಕು. ಅಭ್ಯಾಸದಲ್ಲಿ ಒಗ್ಗಿದ ಆಹಾರವನ್ನೇ ತಿನ್ನಬೇಕು. ಹೊಸದನ್ನು ಅಂದು ಪರೀಕ್ಷಿಸಬಾರದು. ಮೂರನೆಯದು, ನೀರು. ಬಾಯಾರಿಕೆಯೇ ಇದಕ್ಕೆ ಒಳ್ಳೆಯ ಮಾರ್ಗದರ್ಶಿ. ಅತಿಯಾಗಿ ಕುಡಿದರೆ ರಕ್ತದಲ್ಲಿ ಸೋಡಿಯಂ ಲವಣಾಂಶ ತೆಳುವಾಗಿ ಮಿದುಳು ಊದಿಕೊಳ್ಳಬಹುದು. ಇದರಿಂದ ಓಟಗಾರರು ಸತ್ತುದೂ ಉಂಟು. ಸೆಕೆಯ ದಿನ ವೇಗವನ್ನೇ ತಗ್ಗಿಸಬೇಕು.

ಬೆಟ್ಟದ ಕಾಲುದಾರಿಯಲ್ಲಿ ಸಮವೇಗ ಸಾಧ್ಯವಿಲ್ಲ. ಅಲ್ಲಿ ಸಮವಾಗಿರಬೇಕಾದುದು ಶ್ರಮ. ಉಸಿರಾಟವೇ ಅದರ ಅಳತೆಗೋಲು. ಕಡಿದಾದ ಏರನ್ನು ನಡೆದು ಹತ್ತುವುದು ಸೋಲಲ್ಲ, ಜಾಣತನ. ಇಳಿಜಾರಿನಲ್ಲಿ ಧಾವಿಸಿದರೆ ತೊಡೆಯ ಸ್ನಾಯುಗಳ ಸೂಕ್ಷ್ಮ ಎಳೆಗಳು ಹರಿದು, ಮುಂದಿನ ಸಮತಟ್ಟಿನಲ್ಲಿಯೂ ಓಡಲಾಗದಂತಾಗುತ್ತದೆ.

ವಾಚಕರು ತಮ್ಮ ತೂಕವನ್ನು ಹಿಡಿದು, ಹತ್ತು ಕಿಲೋಮೀಟರ್ ಓಟದ ಖರ್ಚನ್ನು ತಾವೇ ಲೆಕ್ಕಹಾಕಲಿ. 50 ಕಿಲೋಗ್ರಾಮಿನವರಿಗೆ ಅದು ಸುಮಾರು 500 ಕಿಲೋಕ್ಯಾಲೊರಿ. ಆ ಓಟಕ್ಕೆ ದಾರಿಯಲ್ಲಿ ಆಹಾರ ಬೇಡ. ಮ್ಯಾರಥಾನಿಗೆ ಬೇಕು. ಹೊರಡುವ ಮುನ್ನವೇ ಈ ಲೆಕ್ಕವನ್ನು ಮಾಡಿಟ್ಟುಕೊಂಡವನಿಗೆ ಕೊನೆಯ ನಾಲ್ಕುನೂರು ಮೀಟರಿಗೂ ಶಕ್ತಿ ಉಳಿದೀತು.