ಜಗ್ಗಿದ ತೊಲೆಗೆ ಬಲ

ಮಲೆನಾಡಿನ ಹಳೆಯ ಮನೆಗಳನ್ನು ದುರಸ್ತಿ ಮಾಡುವಾಗ ಅಟ್ಟದ ತೊಲೆಗಳು ನಡುವಿನಲ್ಲಿ ಜಗ್ಗಿರುವುದನ್ನು ಎಷ್ಟೋ ಸಲ ಕಾಣುತ್ತೇವೆ. ಭತ್ತದ ಚೀಲಗಳನ್ನು ಹೊತ್ತ ಅಟ್ಟದ ಕೆಳಗೆ ಜನರು ಮಲಗುವರಾದುದರಿಂದ ಇದು ಅಲಕ್ಷಿಸತಕ್ಕ ವಿಷಯವಲ್ಲ. ಇನ್ನಷ್ಟು ಮರ ಸೇರಿಸಿದರಾಯಿತೆಂದು ಮನೆಯವರು ಹೇಳುವರು. ಆದರೆ ಎಷ್ಟು ಸೇರಿಸಿದೆವೆಂಬುದಕ್ಕಿಂತ ಹೇಗೆ ಸೇರಿಸಿದೆವೆಂಬುದೇ ಮುಖ್ಯ.

ತೊಲೆಯು ಬಾಗಿದಾಗ ಅದರ ಮೇಲ್ಭಾಗವು ಕುಗ್ಗುತ್ತದೆ, ಕೆಳಭಾಗವು ಹಿಗ್ಗುತ್ತದೆ. ನಡುವೆ ಕುಗ್ಗದ, ಹಿಗ್ಗದ ಪದರವೊಂದಿದೆ. ಅದು ತಟಸ್ಥ ಪದರ. ಬಾಗನ್ನು ತಡೆಯುವ ಶಕ್ತಿಯನ್ನು ದಾರ್ಢ್ಯವೆನ್ನೋಣ. ಈ ಕೆಲಸದಲ್ಲಿ ತಟಸ್ಥ ಪದರದಿಂದ ದೂರವಿರುವ ಮರದ್ದೇ ಹೆಚ್ಚಿನ ಪಾಲು. ಆದುದರಿಂದ ದಾರ್ಢ್ಯವು ತೊಲೆಯ ಅಗಲಕ್ಕೂ, ಎತ್ತರದ ಘನಕ್ಕೂ ಅನುಪಾತದಲ್ಲಿರುತ್ತದೆ. 2 ಅಂಗುಲ ದಪ್ಪದ, 6 ಅಂಗುಲ ಅಗಲದ ಹಲಗೆಯನ್ನು ಮಲಗಿಸುವ ಬದಲು ಅಂಚಿನ ಮೇಲೆ ನಿಲ್ಲಿಸಿದರೆ ದಾರ್ಢ್ಯವು 9 ಮಡಿಯಾಗುತ್ತದೆ. ಮರವೇನೂ ಹೆಚ್ಚಾಗಲಿಲ್ಲ!

ಈಗ ತೊಲೆಯ ಪಕ್ಕದಲ್ಲಿ ಅಷ್ಟೇ ಗಾತ್ರದ ಇನ್ನೊಂದನ್ನು ಜೋಡಿಸೋಣ. ದಾರ್ಢ್ಯ ಇಮ್ಮಡಿ. ಮೇಲೆ ಸುಮ್ಮನೆ ಇರಿಸಿದರೂ ಇಮ್ಮಡಿಯೇ. ಆದರೆ ಮೇಲಿನದು ಕೆಳಗಿನದರ ಮೇಲೆ ಜಾರದಂತೆ ಬೆಸೆದರೆ 8 ಮಡಿ! ದಪ್ಪನೆಯ ಪುಸ್ತಕವನ್ನು ಬಾಗಿಸಿ ನೋಡಿರಿ. ಹಾಳೆಗಳು ಜಾರುವುದರಿಂದಲೇ ಅದು ಸುಲಭವಾಗಿ ಬಾಗುತ್ತದೆ. ಎರಡು ತುದಿಗಳನ್ನೂ ಜಾರದಂತೆ ಒತ್ತಿ ಹಿಡಿದರೆ ಮಣಿಯಲು ಒಪ್ಪುವುದಿಲ್ಲ. ಮೊಳೆ, ಬೋಲ್ಟುಗಳು ಒಂದಿಷ್ಟು ಜಾರಲು ಬಿಡುವುದರಿಂದ ಪೂರ್ಣ 8 ಮಡಿ ದೊರೆಯದು. ಗಟ್ಟಿಯಾದ ಅಂಟು ಅದರ ಸಮೀಪಕ್ಕೆ ಒಯ್ಯುತ್ತದೆ.

ಜೋಡಿಸುವ ಮೊದಲು ಚೀಲಗಳನ್ನು ಇಳಿಸಿ, ತೊಲೆಗೆ ಕೆಳಗಿನಿಂದ ಆನಿಕೆ ಕೊಟ್ಟು ಮೇಲೆತ್ತಬೇಕು. ಇಲ್ಲವಾದರೆ ಹಳೆಯ ಭಾರವೆಲ್ಲ ಹಳೆಯ ತೊಲೆಯ ಮೇಲೆಯೇ ಉಳಿದು, ಹೊಸ ಮರವು ಮುಂದೆ ಬರುವ ಭಾರದಲ್ಲಿ ಮಾತ್ರ ಪಾಲುಗೊಳ್ಳುವುದು. ಗೆದ್ದಲು ತಿಂದ ತೊಲೆಗೆ ಈ ಲೆಕ್ಕ ಯಾವುದೂ ಅನ್ವಯಿಸದು; ಅದನ್ನು ತೆಗೆದುಹಾಕುವುದೇ ಸರಿ. ವಿದ್ಯುತ್ ತಂತಿಗಾಗಿ ತೊಲೆಯ ಕೆಳಗಂಚಿನ ನಡುವೆ ಕಚ್ಚು ಕಡಿಯುವುದಂತೂ ನಮಗೆ ಒಪ್ಪಿಗೆಯಿಲ್ಲ. ಅತ್ಯಂತ ಹೆಚ್ಚು ಎಳೆತವಿರುವ ಸ್ಥಳವೇ ಅದು. ತಟಸ್ಥ ಪದರದಲ್ಲಿ ಸಣ್ಣ ರಂಧ್ರವನ್ನು ಕೊರೆದರೆ ಹಾನಿ ಅತ್ಯಲ್ಪ.

ಮರದ ಚೌಕಟ್ಟಿನ ಗೋಡೆಗೆ ಇರುವ ಅಪಾಯ ಬೇರೆ: ಗಾಳಿ, ಭೂಕಂಪಗಳು ಪಕ್ಕದಿಂದ ತಳ್ಳುವುದು. ನಾಲ್ಕು ಕಡ್ಡಿಗಳ ಚೌಕವು ತಳ್ಳಿದೊಡನೆ ವಾಲುತ್ತದೆ. ಕರ್ಣದಲ್ಲಿ ಐದನೆಯ ಕಡ್ಡಿಯನ್ನು ಬಿಗಿದರೆ ಎರಡು ತ್ರಿಕೋನಗಳಾಗಿ ನಿಲ್ಲುತ್ತದೆ. ಕಾಶ್ಮೀರದ ‘ಧಜ್ಜಿ ದೇವಾರಿ’ ಗೋಡೆಗಳಲ್ಲಿ ಇಂತಹ ಚೌಕಟ್ಟಿನೊಳಗೆ ಕಲ್ಲುಮಣ್ಣನ್ನು ತುಂಬಿರುತ್ತಾರೆ. 2005ರ ಅಕ್ಟೋಬರ್ 8ರ ಭೂಕಂಪದಲ್ಲಿ ಬರಿಯ ಕಲ್ಲಿನ ಗೋಡೆಗಳು ಕುಸಿದ ಕಡೆಗಳಲ್ಲಿಯೂ ಇಂತಹ ಅನೇಕ ಮನೆಗಳು ಬಿರುಕುಬಿಟ್ಟರೂ ನಿಂತಿದ್ದವು. ನೆಲವು ಅತ್ತಿತ್ತ ಅಲುಗುವಾಗ ಕರ್ಣದ ಮರವು ಒಮ್ಮೆ ಒತ್ತಲ್ಪಡುತ್ತದೆ, ಮರುಕ್ಷಣ ಎಳೆಯಲ್ಪಡುತ್ತದೆ. ಆದುದರಿಂದ ಅದರ ತುದಿಗಳನ್ನು ಮೂಲೆಗೆ ಆನಿಸಿಟ್ಟರೆ ಸಾಲದು, ಕಿತ್ತುಬರದಂತೆ ಬಿಗಿಯಬೇಕು.