ಕಿಡಿ ಮತ್ತು ಅದರ ದಾರಿ: ಕಾರಿಗೆ ಸ್ಪಾರ್ಕ್ ಪ್ಲಗ್ಗು, ತಂತಿಗಳ ಆಯ್ಕೆ

ಭಕ್ತರು ಮಠದ ವಿದ್ಯಾಸಂಸ್ಥೆಗಳಿಗೆ ಅರ್ಪಿಸುವ ಕಾಣಿಕೆಗಳಲ್ಲಿ ಮೋಟಾರು ಕಾರೂ ಒಂದು. ಕಾರು ಬಂದ ದಿನ ಪೂಜೆಯಾಗುತ್ತದೆ, ಹೂವಿನ ಹಾರ ಬೀಳುತ್ತದೆ, ದಾನಿಗಳ ಹೆಸರು ಸಂಚಿಕೆಯಲ್ಲಿ ಅಚ್ಚಾಗುತ್ತದೆ. ಅನಂತರ ಹತ್ತಿಪ್ಪತ್ತು ವರ್ಷ ಅದನ್ನು ನಡೆಸಿಕೊಂಡು ಹೋಗುವ ಭಾರವು ಚಾಲಕನ ಮತ್ತು ಲೆಕ್ಕಪತ್ರ ನೋಡುವ ಗುಮಾಸ್ತರ ಪಾಲಿಗೆ ಉಳಿಯುತ್ತದೆ. ಆ ಭಾರದಲ್ಲಿ ಅತಿ ಚಿಕ್ಕವೆಂದು ತೋರುವ, ಆದರೆ ಅಲಕ್ಷಿಸಿದರೆ ನಡುದಾರಿಯಲ್ಲಿ ಕೈಬಿಡುವ ಎರಡು ಸಾಮಗ್ರಿಗಳೆಂದರೆ ಪೆಟ್ರೋಲ್ ಎಂಜಿನ್ನಿನ ಸ್ಪಾರ್ಕ್ ಪ್ಲಗ್ಗು ಮತ್ತು ಅದಕ್ಕೆ ವಿದ್ಯುತ್ತನ್ನು ಒಯ್ಯುವ ತಂತಿ. ಅವು ಸವೆದಾಗ ಬದಲಿಯನ್ನು ಆರಿಸುವ ಬಗೆ ಹೇಗೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಈ ವಿಷಯದತ್ತ ನಮ್ಮ ಗಮನವನ್ನು ಸೆಳೆದುದು ಒಂದು ಮಳೆಗಾಲದ ರಾತ್ರಿ. ಪ್ರಸಾದ ನಿಲಯದ ಬಾಲಕನೊಬ್ಬನಿಗೆ ಸಹಿಸಲಾರದ ಹೊಟ್ಟೆನೋವು ಕಾಣಿಸಿಕೊಂಡಿತು. ಶಾಲೆಯ ಹಳೆಯ ಕಾರಿನಲ್ಲಿ ಅವನನ್ನು ಮಲಗಿಸಿಕೊಂಡು ತಾಲ್ಲೂಕು ಕೇಂದ್ರದ ಆಸ್ಪತ್ರೆಗೆ ಹೊರಟೆವು. ಎರಡು ಮೈಲಿ ಹೋಗುವಷ್ಟರಲ್ಲಿ ಕಾರು ಮುಗ್ಗರಿಸತೊಡಗಿ, ಕೊನೆಗೆ ನಿಂತೇಹೋಯಿತು. ಎಂಟು ದಿನಗಳ ಹಿಂದೆಯಷ್ಟೇ ಅದಕ್ಕೆ ದುಬಾರಿಯಾದ ಹೊಸ ಪ್ಲಗ್ಗುಗಳನ್ನು ಹಾಕಿಸಲಾಗಿತ್ತು. ಹಾಗಾಗಿ ಪ್ಲಗ್ಗಿನ ಮೇಲೆ ಯಾರಿಗೂ ಸಂಶಯವಿರಲಿಲ್ಲ. ಬಾನೆಟ್ಟು ತೆರೆದು, ದೀಪ ಆರಿಸಿ, ಚಾಲಕನು ಸ್ಟಾರ್ಟರನ್ನು ತಿರುಗಿಸಿದಾಗ ಆ ಕತ್ತಲೆಯಲ್ಲಿ ಕಂಡ ನೋಟ ಇಂದಿಗೂ ಮರೆತಿಲ್ಲ. ನಾಲ್ಕು ತಂತಿಗಳಲ್ಲಿ ಎರಡರ ಮೈಮೇಲೆ ನೀಲಿ ಬೆಳಕು ಹರಿದಾಡಿ ಎಂಜಿನ್ನಿನ ಲೋಹಕ್ಕೆ ಹಾರುತ್ತಿತ್ತು. ಸಿಲಿಂಡರಿನ ಒಳಗೆ ಹುಟ್ಟಬೇಕಾದ ಕಿಡಿ ಹೊರಗೇ ಸೋರಿಹೋಗುತ್ತಿತ್ತು. ತಂತಿಗಳನ್ನು ಒಣಬಟ್ಟೆಯಿಂದ ಒರೆಸಿ, ಲೋಹಕ್ಕೆ ತಾಗದಂತೆ ದೂರ ಕಟ್ಟಿ, ಹೇಗೋ ಆಸ್ಪತ್ರೆ ಸೇರಿದೆವು. ಬಾಲಕನಿಗೆ ಅದೇ ರಾತ್ರಿ ಶಸ್ತ್ರಚಿಕಿತ್ಸೆಯಾಯಿತು, ಅವನು ಗುಣಹೊಂದಿದನು. ಮರುದಿನ ಹೊಸ ಪ್ಲಗ್ಗುಗಳನ್ನು ಬಿಚ್ಚಿ ಅಳೆದಾಗ ನಮ್ಮದೇ ತಪ್ಪು ಗೊತ್ತಾಯಿತು. ಅದನ್ನು ಅರಿಯಬೇಕಾದರೆ ಕಿಡಿ ಹುಟ್ಟುವ ರೀತಿಯನ್ನು ಮೊದಲು ತಿಳಿಯಬೇಕು.

ಕಿಡಿ ಹುಟ್ಟುವ ರೀತಿ

ಕಾರಿನ ಬ್ಯಾಟರಿ ಕೊಡುವುದು ಕೇವಲ 12 ವೋಲ್ಟು. ಇಗ್ನಿಷನ್ ಕಾಯಿಲು ಅದನ್ನು ಹತ್ತು ಸಾವಿರದಿಂದ ಇಪ್ಪತ್ತೈದು ಸಾವಿರ ವೋಲ್ಟಿನವರೆಗೆ ಏರಿಸುತ್ತದೆ. ಡಿಸ್ಟ್ರಿಬ್ಯೂಟರು ಅದನ್ನು ಸರದಿಯಂತೆ ಒಂದೊಂದು ತಂತಿಗೆ ಹಂಚುತ್ತದೆ. ತಂತಿಯ ತುದಿಯಲ್ಲಿರುವ ಪ್ಲಗ್ಗಿನ ಎರಡು ವಿದ್ಯುದ್ವಾರಗಳ ನಡುವಣ ಕಿರಿದಾದ ಅಂತರವನ್ನು ವಿದ್ಯುತ್ತು ಹಾರಿದಾಗ ಕಿಡಿಯಾಗಿ, ಒತ್ತಲ್ಪಟ್ಟ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಹೊತ್ತಿಕೊಳ್ಳುತ್ತದೆ. ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಪ್ರತಿಯೊಂದು ಪ್ಲಗ್ಗೂ ಕ್ಷಣಕ್ಕೆ, ಎಂದರೆ ಸೆಕೆಂಡಿಗೆ, 25 ಬಾರಿ ಕಿಡಿ ಕೊಡಬೇಕು. ಜರ್ಮನಿಯ ಬಾಷ್ ಸಂಸ್ಥೆಯ ಎಂಜಿನಿಯರ್ ಗಾಟ್‌ಲೋಬ್ ಹೊನೋಲ್ಡ್ 1902ರಲ್ಲಿ ಅಧಿಕ ವೋಲ್ಟಿನ ಮ್ಯಾಗ್ನೆಟೋವನ್ನೂ ಅದಕ್ಕೆ ಒಪ್ಪುವ ಸ್ಪಾರ್ಕ್ ಪ್ಲಗ್ಗನ್ನೂ ರೂಪಿಸಿದಂದಿನಿಂದ ಈ ಮೂಲತತ್ತ್ವ ಬದಲಾಗಿಲ್ಲ.

ಇಲ್ಲಿ ನೆನಪಿಡಬೇಕಾದ ನಿಯಮ ಒಂದೇ. ಹಾರಬೇಕಾದ ಅಂತರ ಹೆಚ್ಚಿದಷ್ಟೂ ಬೇಕಾಗುವ ವೋಲ್ಟು ಹೆಚ್ಚುತ್ತದೆ. ವೋಲ್ಟು ಹೆಚ್ಚಿದಷ್ಟೂ ತಂತಿಯ ಹೊದಿಕೆಯ ಮೇಲೆ ಒತ್ತಡ ಹೆಚ್ಚುತ್ತದೆ. ನೀರು ಕಟ್ಟೆಯ ಬಿರುಕನ್ನು ಹುಡುಕುವಂತೆ ವಿದ್ಯುತ್ತು ದುರ್ಬಲವಾದ ಎಡೆಯನ್ನು ಹುಡುಕಿಕೊಂಡು ಹೋಗುತ್ತದೆ. ನಮ್ಮ ಕಾರಿನದು ಕಾಂಟ್ಯಾಕ್ಟ್ ಬ್ರೇಕರಿನ ಹಳೆಯ ವ್ಯವಸ್ಥೆ. ಅದಕ್ಕೆ ಸುಮಾರು 0.6 ಮಿ. ಮೀ. ಅಂತರ ಸಾಕು. ನಾವು ತಂದ ಪ್ಲಗ್ಗುಗಳು ಎಲೆಕ್ಟ್ರಾನಿಕ್ ವ್ಯವಸ್ಥೆಗಾಗಿ 1.1 ಮಿ. ಮೀ. ಅಂತರದಲ್ಲಿ ಸಿದ್ಧವಾದವು. ಅಳೆಯದೆ ಹಾಕಿದೆವು. ಬಿಸಿಲಿನಲ್ಲಿ ಹೇಗೋ ತಡೆದ ಹಳೆಯ ತಂತಿಗಳು ಮಳೆಯಲ್ಲಿ ಸೋತವು. ಪ್ಲಗ್ಗು ಒಳ್ಳೆಯದೇ ಆಗಿತ್ತು, ಆದರೆ ನಮ್ಮ ಎಂಜಿನ್ನಿಗೆ ಸಲ್ಲುವುದಾಗಿರಲಿಲ್ಲ.

ಪ್ಲಗ್ಗಿನ ಆಯ್ಕೆ

ಪ್ಲಗ್ಗನ್ನು ಕೊಳ್ಳುವಾಗ ಮೊದಲು ನೋಡಬೇಕಾದುದು ಬೆಲೆಯನ್ನಲ್ಲ, ಕಾರಿನ ಕೈಪಿಡಿಯನ್ನು. ಅದರಲ್ಲಿ ಹೇಳಿದ ಸಂಖ್ಯೆಯು ಈ ಕೆಳಗಿನ ಅಂಶಗಳನ್ನು ಒಳಗೊಂಡಿರುತ್ತದೆ.

ಮೊದಲನೆಯದು ತಿರುಪಿನ ಅಳತೆ. ಬಹುಪಾಲು ಕಾರುಗಳಲ್ಲಿ ತಿರುಪಿನ ವ್ಯಾಸ 14 ಮಿ. ಮೀ. ಆದರೆ ಉದ್ದದಲ್ಲಿ ಭೇದವುಂಟು, 12.7 ಮಿ. ಮೀ. ಮತ್ತು 19 ಮಿ. ಮೀ. ಎಂಬ ಎರಡು ಅಳತೆಗಳು ಸಾಮಾನ್ಯ. ಉದ್ದದ ಪ್ಲಗ್ಗು ಬೇಕಾದಲ್ಲಿ ಗಿಡ್ಡದನ್ನು ಹಾಕಿದರೆ ಕಿಡಿ ಗೂಡಿನೊಳಗೇ ಅಡಗಿ, ಖಾಲಿ ಉಳಿದ ಸುತ್ತುಗಳಲ್ಲಿ ಮಸಿ ಕಟ್ಟುತ್ತದೆ. ಗಿಡ್ಡದು ಬೇಕಾದಲ್ಲಿ ಉದ್ದದ್ದನ್ನು ಹಾಕಿದರೆ ಅದು ಪಿಸ್ಟನ್ನಿಗೆ ತಾಗಿ ಎಂಜಿನ್ನನ್ನೇ ಕೆಡಿಸಬಹುದು. ಎರಡೂ ಪ್ಲಗ್ಗುಗಳು ಒಂದೇ ರಂಧ್ರಕ್ಕೆ ಸಲೀಸಾಗಿ ಇಳಿಯುತ್ತವೆಂಬುದೇ ಇಲ್ಲಿನ ಅಪಾಯ.

ಎರಡನೆಯದು ಉಷ್ಣದ ಅಂಕಿ. ‘ಬಿಸಿ’ ಪ್ಲಗ್ಗೆಂದರೆ ಬಲವಾದ ಕಿಡಿ ಕೊಡುವುದೆಂದು ಹಲವರು ತಿಳಿದಿದ್ದಾರೆ, ಅದು ಸರಿಯಲ್ಲ. ಪ್ಲಗ್ಗಿನ ತುದಿಯು ತನ್ನ ಶಾಖವನ್ನು ಎಷ್ಟು ಬೇಗ ಎಂಜಿನ್ನಿಗೆ ಬಿಟ್ಟುಕೊಡುತ್ತದೆ ಎಂಬುದಷ್ಟೇ ಈ ಅಂಕಿಯ ಅರ್ಥ. ಒಳಗಿನ ಪಿಂಗಾಣಿಯ ಮೂಗು ಉದ್ದವಾಗಿದ್ದರೆ ಶಾಖ ನಿಧಾನವಾಗಿ ಹೋಗುತ್ತದೆ, ಅದು ಬಿಸಿ ಪ್ಲಗ್ಗು. ಮೂಗು ಗಿಡ್ಡವಾಗಿದ್ದರೆ ಬೇಗ ಹೋಗುತ್ತದೆ, ಅದು ತಂಪು ಪ್ಲಗ್ಗು. ತುದಿಯು ಸುಮಾರು 450 ರಿಂದ 500 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ತನ್ನ ಮೇಲಿನ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ಸುಮಾರು 850 ಡಿಗ್ರಿಯನ್ನು ಬಹಳ ಮೀರಿದರೆ ಕಿಡಿ ಹಾರುವ ಮುನ್ನವೇ ಮಿಶ್ರಣ ಹೊತ್ತಿಕೊಂಡು ಪಿಸ್ಟನ್ನಿಗೆ ಕೇಡಾಗುತ್ತದೆ. ಈ ಎರಡು ಎಲ್ಲೆಗಳ ನಡುವೆ ತುದಿಯನ್ನು ಇರಿಸುವ ಪ್ಲಗ್ಗೇ ಆ ಎಂಜಿನ್ನಿಗೆ ತಕ್ಕದ್ದು.

ಈ ಅಂಕಿಗಳನ್ನು ಓದುವಲ್ಲಿ ಜಾಗರೂಕತೆ ಅಗತ್ಯ. ಎನ್‌ಜಿಕೆ ಪದ್ಧತಿಯಲ್ಲಿ ಅಂಕಿ ದೊಡ್ಡದಾದಷ್ಟೂ ಪ್ಲಗ್ಗು ತಂಪು. ಬಾಷ್ ಮತ್ತು ಚಾಂಪಿಯನ್ ಪದ್ಧತಿಗಳಲ್ಲಿ ಅಂಕಿ ದೊಡ್ಡದಾದಷ್ಟೂ ಪ್ಲಗ್ಗು ಬಿಸಿ. ಎನ್‌ಜಿಕೆಯ ಬಿಪಿ6ಇಎಸ್, ಬಾಷ್‌ನ ಡಬ್ಲ್ಯೂ7ಡಿಸಿ, ಚಾಂಪಿಯನ್‌ನ ಎನ್9ವೈಸಿ ಇವು ಮೂರೂ ಒಂದಕ್ಕೊಂದು ಸಮನಾದವು; ಅಂಕಿಗಳು ಮಾತ್ರ 6, 7, 9. ನಮ್ಮ ನಾಡಿನಲ್ಲಿ 1951ರಲ್ಲಿ ಸ್ಥಾಪಿತವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯು ಬೆಂಗಳೂರಿನಲ್ಲಿ ತಯಾರಿಸಿದ ಪ್ಲಗ್ಗುಗಳನ್ನು ‘ಮೈಕೋ ಪ್ಲಗ್ಗು’ ಎಂದೇ ಹಳಬರು ಕರೆಯುತ್ತಿದ್ದರು. 2008ರಲ್ಲಿ ಆ ಕಂಪನಿಯ ಹೆಸರು ಬಾಷ್ ಲಿಮಿಟೆಡ್ ಎಂದಾಯಿತು. ಆ ಹಳೆಯ ಪ್ಲಗ್ಗುಗಳ ಮೇಲೆ 175, 225 ಎಂಬಂತಹ ದೊಡ್ಡ ಅಂಕಿಗಳಿದ್ದವು. ಅಲ್ಲಿ ಅಂಕಿ ಹೆಚ್ಚಿದಷ್ಟೂ ಪ್ಲಗ್ಗು ತಂಪು. ಹಳೆಯ 175 ಹೊಸ ಪದ್ಧತಿಯಲ್ಲಿ 7 ಆಯಿತು, 225 ಎಂಬುದು 5 ಆಯಿತು. ಹಳೆಯ ಕಾರಿನ ಕೈಪಿಡಿ ಹಿಡಿದು ಹೊಸ ಅಂಗಡಿಗೆ ಹೋಗುವವರು ಇದನ್ನು ಮರೆಯಬಾರದು.

ಮೂರನೆಯದು ರೋಧಕ. ಎನ್‌ಜಿಕೆಯ ಬಿಪಿಆರ್6ಇಎಸ್ ಎಂಬುದರಲ್ಲಿ ಬರುವ ‘ಆರ್’ ಅಕ್ಷರವು ಪ್ಲಗ್ಗಿನೊಳಗೆ ಸುಮಾರು 5000 ಓಮ್‌ನ ರೋಧಕವಿದೆಯೆಂದು ತಿಳಿಸುತ್ತದೆ. ಕಿಡಿಯಿಂದ ಹುಟ್ಟುವ ರೇಡಿಯೋ ಅಲೆಗಳನ್ನು ಅದು ತಗ್ಗಿಸುತ್ತದೆ. ಇಂಧನವನ್ನು ಕಂಪ್ಯೂಟರು ನಿಯಂತ್ರಿಸುವ ಕಾರುಗಳಲ್ಲಿ ರೋಧಕವಿಲ್ಲದ ಪ್ಲಗ್ಗನ್ನು ಹಾಕಕೂಡದು.

ನಾಲ್ಕನೆಯದು ಲೋಹ. ನಿಕ್ಕಲ್ ಮಿಶ್ರಲೋಹದ ಸಾಮಾನ್ಯ ಪ್ಲಗ್ಗಿನ ಒಡಲಲ್ಲಿ ತಾಮ್ರದ ತಿರುಳು ಇರುತ್ತದೆ. ಬೆಲೆ ಕಡಿಮೆ, ಬಾಳಿಕೆಯೂ ಕಡಿಮೆ. ಇರಿಡಿಯಂ ಲೋಹವು 2400 ಡಿಗ್ರಿಗೂ ಮೇಲೆ ಕರಗುವುದರಿಂದ ಅದರ ತುದಿಯನ್ನು ಸೂಜಿಯಂತೆ ತೆಳುವಾಗಿ ಮಾಡಬಹುದು; ಅದು ಹಲವು ಪಾಲು ಹೆಚ್ಚು ಬಾಳುತ್ತದೆ. ಕೈಪಿಡಿ ಇರಿಡಿಯಂ ಬೇಕೆಂದಲ್ಲಿ ಅದನ್ನೇ ಹಾಕಬೇಕು. ಬೇಕೆನ್ನದ ಹಳೆಯ ಎಂಜಿನ್ನಿಗೆ ಅದನ್ನು ಹಾಕಿದ ಮಾತ್ರಕ್ಕೆ ಶಕ್ತಿ ಹೆಚ್ಚುವುದಿಲ್ಲ.

ಕೊನೆಯದು ಅಂತರ. ಪೆಟ್ಟಿಗೆಯಿಂದ ತೆಗೆದ ಪ್ಲಗ್ಗನ್ನು ಫೀಲರ್ ಗೇಜಿನಿಂದ ಅಳೆದು, ಬೇಕಾದಲ್ಲಿ ಬದಿಯ ವಿದ್ಯುದ್ವಾರವನ್ನು ಮಾತ್ರ ಮೆಲ್ಲಗೆ ಬಾಗಿಸಬೇಕು. ಇರಿಡಿಯಂ ಪ್ಲಗ್ಗಿನ ತುದಿ ಮುರಿಯುವ ಸಂಭವವಿರುವುದರಿಂದ ಅದನ್ನು ಬಾಗಿಸಲು ಹೋಗದೆ, ಸರಿಯಾದ ಅಂತರದ್ದನ್ನೇ ಕೊಳ್ಳುವುದು ಲೇಸು.

ಹಳೆಯ ಪ್ಲಗ್ಗು ಹೇಳುವ ಮಾತು

ಹೊಸದನ್ನು ಕೊಳ್ಳುವ ಮೊದಲು ಹಳೆಯದನ್ನು ಓದಬೇಕು. ವೈದ್ಯನು ನಾಲಗೆ ನೋಡುವಂತೆ ಅನುಭವಿಯಾದ ಮೆಕ್ಯಾನಿಕ್ಕನು ಪ್ಲಗ್ಗಿನ ತುದಿಯನ್ನು ನೋಡುತ್ತಾನೆ. ಒಣ ಕರಿಮಸಿಯಿದ್ದರೆ ಪೆಟ್ರೋಲಿನ ಪಾಲು ಹೆಚ್ಚಾಗಿದೆ ಅಥವಾ ಪ್ಲಗ್ಗು ತೀರ ತಂಪಾಗಿದೆ. ಜಿಡ್ಡಿನ ಕಪ್ಪು ಇದ್ದರೆ ಪಿಸ್ಟನ್ನಿನ ರಿಂಗು ಅಥವಾ ವಾಲ್ವಿನ ಗೈಡು ಸವೆದು ಎಣ್ಣೆ ಒಳಗೆ ಬರುತ್ತಿದೆ. ಬೆಳ್ಳಗೆ ಸುಟ್ಟು ಗುಳ್ಳೆಯೆದ್ದಿದ್ದರೆ ಎಂಜಿನ್ನು ಮಿತಿಮೀರಿ ಕಾಯುತ್ತಿದೆ. ಇಂತಹ ರೋಗಗಳು ಹೊಸ ಪ್ಲಗ್ಗಿನಿಂದ ವಾಸಿಯಾಗುವುದಿಲ್ಲ, ಕೆಲವು ದಿನ ಮರೆಯಾಗುತ್ತವೆ ಅಷ್ಟೆ. ಆರೋಗ್ಯದ ಬಣ್ಣ ಕಂದು ಎಂದು ಹಿಂದಿನವರು ಹೇಳುತ್ತಿದ್ದರು. ಸೀಸ ಬೆರೆತ ಪೆಟ್ರೋಲು ನಮ್ಮ ದೇಶದಲ್ಲಿ 2000ನೆಯ ಇಸವಿಯಲ್ಲಿ ನಿಂತಿತು. ಸೀಸವಿಲ್ಲದ ಪೆಟ್ರೋಲಿನಲ್ಲಿ ಆರೋಗ್ಯವಂತ ಪ್ಲಗ್ಗು ಮಾಸಲು ಬಿಳುಪಿನಿಂದ ತಿಳಿಗಂದಿನವರೆಗೆ ಇರುತ್ತದೆ. ಆದ್ದರಿಂದ ತುಸು ಬಿಳುಪು ಕಂಡೊಡನೆ ಗಾಬರಿಯಾಗಬೇಕಿಲ್ಲ.

ತಂತಿಗಳ ಆಯ್ಕೆ

ಇತ್ತೀಚಿನ ಬಹುಪಾಲು ಕಾರುಗಳಲ್ಲಿ ಪ್ರತಿ ಪ್ಲಗ್ಗಿನ ನೆತ್ತಿಯ ಮೇಲೆಯೇ ಒಂದೊಂದು ಕಾಯಿಲು ಕೂತಿರುವುದರಿಂದ ಉದ್ದನೆಯ ತಂತಿಗಳೇ ಇಲ್ಲ. ಆದರೆ ಸಂಸ್ಥೆಗಳಲ್ಲಿಯೂ ಮನೆಗಳಲ್ಲಿಯೂ ಉಳಿದಿರುವ ಹಳೆಯ ಕಾರುಗಳಿಗೆ ಅವು ಇಂದಿಗೂ ಬೇಕು.

ತಂತಿಯ ತಿರುಳಿನಲ್ಲಿ ಮುಖ್ಯವಾಗಿ ಮೂರು ಬಗೆ. ತಾಮ್ರದ ಎಳೆಗಳದು ಹಳೆಯ ಬಗೆ. ರೋಧ ಅತ್ಯಲ್ಪ, ಬಾಳಿಕೆ ದೀರ್ಘ, ಆದರೆ ರೇಡಿಯೋ ಅಡಚಣೆ ಹೆಚ್ಚು. ಕಾರ್ಬನ್ ಉಣಿಸಿದ ನೂಲಿನದು ಎರಡನೆಯ ಬಗೆ. ಅಡಚಣೆಯನ್ನು ತಗ್ಗಿಸುತ್ತದೆ, ಆದರೆ ಎಳೆದಾಡಿದರೆ ಒಳಗೇ ತುಂಡಾಗುತ್ತದೆ. ತೆಳು ಲೋಹದ ತಂತಿಯನ್ನು ಸುರುಳಿಯಾಗಿ ಸುತ್ತಿದ್ದು ಮೂರನೆಯ ಬಗೆ. ಅಡಚಣೆಯೂ ಕಡಿಮೆ, ರೋಧವೂ ಕಡಿಮೆ, ಬೆಲೆ ಹೆಚ್ಚು. ಎಲೆಕ್ಟ್ರಾನಿಕ್ ನಿಯಂತ್ರಣವುಳ್ಳ ಕಾರಿಗೆ ಬರಿಯ ತಾಮ್ರದ ತಂತಿ ಸಲ್ಲದು.

ತಿರುಳಿಗಿಂತಲೂ ಮುಖ್ಯವಾದುದು ಹೊದಿಕೆ. ಎಂಜಿನ್ನಿನ ಕಾವಿಗೂ ಎಣ್ಣೆಗೂ ಸಾಧಾರಣ ಪ್ಲಾಸ್ಟಿಕ್ ಹೊದಿಕೆ ಬೇಗನೆ ಗಡುಸಾಗಿ ಬಿರಿಯುತ್ತದೆ. ಸಿಲಿಕೋನ್ ರಬ್ಬರು ಹೆಚ್ಚು ಕಾವನ್ನು ತಡೆಯುತ್ತದೆ. ಸಾಮಾನ್ಯ ಕಾರಿಗೆ 7 ಮಿ. ಮೀ. ದಪ್ಪ ಸಾಕು. ಕೆಂಪು ಹಳದಿ ಬಣ್ಣಗಳ ದಪ್ಪ ತಂತಿ ನೋಡಲು ಚೆಂದ, ಕಿಡಿಗೆ ಅದರಿಂದ ವಿಶೇಷ ಲಾಭವಿಲ್ಲ. ಹಳೆಯ ತಂತಿಯಷ್ಟೇ ಉದ್ದವಿದ್ದು, ತುದಿಯ ಟೊಪ್ಪಿಗೆಗಳು ಪ್ಲಗ್ಗಿಗೂ ಡಿಸ್ಟ್ರಿಬ್ಯೂಟರಿಗೂ ಬಿಗಿಯಾಗಿ ಕೂಡಬೇಕು. ಒಂದು ತಂತಿ ಕೆಟ್ಟಿದ್ದರೆ ಉಳಿದವೂ ಅದೇ ವಯಸ್ಸಿನವೆಂದು ನೆನೆದು ಇಡೀ ಜೊತೆಯನ್ನೇ ಬದಲಿಸುವುದು ಉತ್ತಮ.

ತಂತಿಯನ್ನು ಬಿಚ್ಚಿ ಓಮ್ ಮಾಪಕದಿಂದ ಅಳೆದರೆ ಒಳಗೆ ತುಂಡಾಗಿರುವುದು ತಿಳಿಯುತ್ತದೆ. ಹೊದಿಕೆಯ ಸೋರಿಕೆ ಮಾತ್ರ ಮಾಪಕಕ್ಕೆ ಸಿಕ್ಕುವುದಿಲ್ಲ. ಅದನ್ನು ಕತ್ತಲೆಯಲ್ಲಿ ಎಂಜಿನ್ನು ನಡೆಸಿ ಕಣ್ಣಿನಿಂದಲೇ ನೋಡಬೇಕು. ಆಗ ತಂತಿಯನ್ನು ಕೈಯಿಂದ ಮುಟ್ಟಕೂಡದು, ತಿರುಗುವ ಫ್ಯಾನಿನಿಂದ ದೂರವಿರಬೇಕು.

ಜೋಡಿಸುವ ಕ್ರಮ

ಎಂಜಿನ್ನು ತಣ್ಣಗಾದ ಮೇಲೆ, ಒಂದೊಂದೇ ತಂತಿಯನ್ನು ಟೊಪ್ಪಿಗೆ ಹಿಡಿದು ಎಳೆದು, ಅದನ್ನು ಬದಲಿಸಿದ ಮೇಲೆಯೇ ಮುಂದಿನದಕ್ಕೆ ಕೈಹಾಕಬೇಕು. ಹೀಗೆ ಮಾಡಿದರೆ ಸರದಿ ತಪ್ಪುವುದಿಲ್ಲ. ಅಂಬಾಸಿಡರ್ ಮತ್ತು ಪದ್ಮಿನಿ ಕಾರುಗಳ ನಾಲ್ಕು ಸಿಲಿಂಡರುಗಳ ಸರದಿ 1-3-4-2. ಮಾರುತಿ 800ರ ಮೂರು ಸಿಲಿಂಡರುಗಳದು 1-3-2. ನೆರೆಹೊರೆಯಲ್ಲಿದ್ದು ಒಂದರ ಹಿಂದೊಂದು ಉರಿಯುವ 3 ಮತ್ತು 4ರ ತಂತಿಗಳನ್ನು ಒಟ್ಟಿಗೆ ಕಟ್ಟಿದರೆ ಒಂದರ ಪ್ರಭಾವದಿಂದ ಇನ್ನೊಂದರಲ್ಲಿ ಅಕಾಲದ ಕಿಡಿ ಹುಟ್ಟಬಹುದು. ಪ್ಲಗ್ಗನ್ನು ಮೊದಲು ಕೈಯಿಂದಲೇ ಕೊನೆಯವರೆಗೆ ತಿರುಗಿಸಿ, ವಾಷರುಳ್ಳ ಹೊಸ ಪ್ಲಗ್ಗಾದರೆ ಅನಂತರ ಸ್ಪಾನರಿನಿಂದ ಸುಮಾರು ಅರ್ಧ ಸುತ್ತು ಬಿಗಿದರೆ ಸಾಕು. ಅಲ್ಯೂಮಿನಿಯಂ ಹೆಡ್ಡಿನಲ್ಲಿ ಬಲ ತೋರಿಸಿದರೆ ತಿರುಪೇ ಕಿತ್ತುಬರುತ್ತದೆ.

ಉಪಸಂಹಾರ

ಮೇಲಿನ ವಿವರಗಳೆಲ್ಲದರ ಸಾರ ಇಷ್ಟೇ. ಪ್ಲಗ್ಗು ಮತ್ತು ತಂತಿ ಬೇರೆ ಬೇರೆ ವಸ್ತುಗಳಲ್ಲ, ಒಂದೇ ದಾರಿಯ ಎರಡು ಭಾಗಗಳು. ಒಂದನ್ನು ಆರಿಸುವಾಗ ಇನ್ನೊಂದನ್ನು ಪರೀಕ್ಷಿಸಲೇಬೇಕು. ಎಂಜಿನ್ನಿಗೆ ಬೇಕಾದುದು ಶ್ರೇಷ್ಠವಾದುದಲ್ಲ, ತನಗೆ ಒಪ್ಪುವುದು.

ಆ ರಾತ್ರಿಯ ಬಳಿಕ ನಮ್ಮ ಕಾರಿನಲ್ಲಿ ಒಂದು ಪುಟ್ಟ ಪುಸ್ತಕವಿದೆ. ಪ್ಲಗ್ಗಿನ ಸಂಖ್ಯೆ, ಅಳೆದ ಅಂತರ, ತಂತಿ ಬದಲಿಸಿದ ದಿನಾಂಕ ಇವನ್ನು ಚಾಲಕರ ಎದುರಿನಲ್ಲಿ ಮೇಲಿನ ತರಗತಿಯ ವಿದ್ಯಾರ್ಥಿಗಳೇ ಬರೆಯುತ್ತಾರೆ. ಮಳೆಗಾಲ ಹಿಡಿಯುವ ಮುನ್ನ ಒಂದು ಸಂಜೆ ಕತ್ತಲಾದ ಮೇಲೆ ಬಾನೆಟ್ಟು ತೆರೆದು ನೋಡುವುದು ವಾಡಿಕೆಯಾಗಿದೆ. ಭೌತಶಾಸ್ತ್ರದ ಪಾಠ ಅಲ್ಲಿ ಆಗುವಷ್ಟು ಕಪ್ಪು ಹಲಗೆಯ ಮೇಲೆ ಆಗುವುದಿಲ್ಲ. ಕಾಯಕವೆಂದರೆ ದೊಡ್ಡ ಕಾರ್ಯಗಳಷ್ಟೇ ಅಲ್ಲ, ಸವೆದದ್ದನ್ನು ಕಾಲಕ್ಕೆ ಸರಿಯಾಗಿ ಬದಲಿಸುವುದೂ ಕಾಯಕವೇ ಎಂಬುದನ್ನು ಮಕ್ಕಳು ಅಲ್ಲಿ ಕಲಿಯುತ್ತಾರೆ.

ದಾನಿಗಳಲ್ಲಿ ಒಂದು ವಿನಮ್ರ ವಿಜ್ಞಾಪನೆ. ವಾಹನವನ್ನು ಅರ್ಪಿಸುವವರ ಹೆಸರು ಫಲಕದಲ್ಲಿ ಉಳಿಯುತ್ತದೆ. ತಂತಿ ಕೊಡಿಸಿದವರ ಹೆಸರು ಎಲ್ಲಿಯೂ ಕೆತ್ತಲ್ಪಡುವುದಿಲ್ಲ. ಆದರೂ ರೋಗಿಯಾದ ಬಾಲಕನನ್ನು ಆಸ್ಪತ್ರೆಗೆ ಮುಟ್ಟಿಸುವುದು ಆ ಎರಡೂ ದಾನಗಳು ಕೂಡಿದಾಗಲೇ. ವಾಹನದೊಡನೆ ಅದರ ಪಾಲನೆಗೂ ಅಲ್ಪ ಮೊತ್ತವನ್ನು ಮೀಸಲಿಡುವ ಪದ್ಧತಿ ನಮ್ಮ ಸಂಸ್ಥೆಗಳಲ್ಲಿ ಬೆಳೆಯಲೆಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇವೆ.