ಮೊಗಸಾಲೆಯ ಹೊರಗಿನ ದನಿ: ನೆಲ್ಲೂರಿನ ಸಾರಾಯಿ ವಿರೋಧಿ ಚಳವಳಿ

ಶಾಸನಸಭೆಯ ಮೊಗಸಾಲೆಯಲ್ಲಿ ಸದಸ್ಯರನ್ನು ಕಂಡು ಮನವೊಲಿಸುವ ಪದ್ಧತಿಯಿಂದ 'ಲಾಬಿ' ಎಂಬ ಮಾತು ರಾಜ್ಯಶಾಸ್ತ್ರಕ್ಕೆ ಬಂದಿತು. ಆ ಮೊಗಸಾಲೆಯನ್ನು ಎಂದೂ ಕಾಣದ ಕೂಲಿಕಾರ ಹೆಂಗಸರು ಸರಕಾರದ ನೀತಿಯನ್ನು ಬದಲಿಸಬಲ್ಲರೆ? ಆಂಧ್ರಪ್ರದೇಶದ ನೆಲ್ಲೂರು ಜಿಲ್ಲೆಯ ಸಾರಾಯಿ ವಿರೋಧಿ ಚಳವಳಿ ಈ ದೃಷ್ಟಿಯಿಂದ ಅಧ್ಯಯನಾರ್ಹವಾಗಿದೆ.

ಈ ಚಳವಳಿಯ ಬೇರು ಯಾವ ಪಕ್ಷದ ಕಚೇರಿಯಲ್ಲೂ ಇರಲಿಲ್ಲ. ಅದು ಅಕ್ಷರ ಕಲಿಕೆಯಲ್ಲಿತ್ತು. 1991ರಲ್ಲಿ ಆರಂಭವಾದ ಸಾಕ್ಷರತಾ ಆಂದೋಲನದ ರಾತ್ರಿಶಾಲೆಗಳಲ್ಲಿ ದುಡಿದು ಬಂದ ಹೆಂಗಸರು ಒಂದೆಡೆ ಕೂಡಿದರು. ಕುಡುಕನ ಹೆಂಡತಿಯಾದ ಸೀತಮ್ಮನ ಪಾಠವನ್ನು ಓದುವಾಗ ಅವರಿಗೆ ಕಂಡದ್ದು ತಮ್ಮದೇ ಮನೆಯ ಕತೆ. ದೂಬಗುಂಟ ಗ್ರಾಮದಲ್ಲಿ ವರ್ಧಿನೇನಿ ರೋಸಮ್ಮ ಮೊದಲಾದವರು ಸಾರಾಯಿ ಅಂಗಡಿಯನ್ನು ಮುಚ್ಚಿಸಿದರು. ಈ ಸಂಗತಿಯೇ ಮುಂದೆ ಪಾಠವಾಗಿ ಇತರ ಹಳ್ಳಿಗಳನ್ನು ತಲುಪಿತು.

1992ರಲ್ಲಿ ಹೋರಾಟ ಅಂಗಡಿಯಿಂದ ಹರಾಜಿನ ಸ್ಥಳಕ್ಕೆ ಸಾಗಿತು. ಇದು ಅತ್ಯಂತ ಮಹತ್ವದ ತಿರುವು. ಸರಕಾರದ ಅಬಕಾರಿ ಆದಾಯ, ಗುತ್ತಿಗೆದಾರನ ಲಾಭ, ರಾಜಕಾರಣಿಯ ಹಿತ ಇವು ಮೂರೂ ಸಂಧಿಸುತ್ತಿದ್ದುದು ಅಲ್ಲಿಯೇ. ಮನವಿಪತ್ರವನ್ನು ಕಡತದಲ್ಲಿ ಮರೆಯಬಹುದು. ನಿಂತುಹೋದ ಹರಾಜನ್ನು ಖಜಾನೆ ಮರೆಯಲಾರದು. ಹರಾಜು ಮತ್ತೆ ಮತ್ತೆ ಮುಂದೂಡಲ್ಪಟ್ಟಿತು. 1993ರ ಏಪ್ರಿಲ್‌ನಲ್ಲಿ ಜಿಲ್ಲೆಯಲ್ಲಿ, ಅದೇ ವರ್ಷದ ಅಕ್ಟೋಬರ್ 1ರಂದು ರಾಜ್ಯದಾದ್ಯಂತ ಸಾರಾಯಿ ನಿಷೇಧವಾಯಿತು. 1994ರ ಚುನಾವಣೆಯಲ್ಲಿ ಪಾನನಿರೋಧದ ಭರವಸೆ ನೀಡಿ ಗೆದ್ದ ಎನ್.ಟಿ. ರಾಮರಾವ್ 1995ರ ಜನವರಿಯಲ್ಲಿ ಸಂಪೂರ್ಣ ಪಾನನಿರೋಧವನ್ನು ಜಾರಿಗೆ ತಂದರು.

ಆದರೆ 1997ರಲ್ಲಿ ಆ ನಿರ್ಬಂಧ ಸಡಿಲಗೊಂಡಿತು. ಅಷ್ಟರಲ್ಲಿ ನೆಲ್ಲೂರಿನ ಹೆಂಗಸರು ದಿನಕ್ಕೊಂದು ರೂಪಾಯಿ ಕೂಡಿಡುವ 'ಪೊದುಪು ಲಕ್ಷ್ಮಿ' ಉಳಿತಾಯ ಗುಂಪುಗಳಲ್ಲಿ ಸಂಘಟಿತರಾಗಿದ್ದರು. ಉಳಿತಾಯ ಅವರಿಗೆ ಆರ್ಥಿಕ ಆಸರೆಯನ್ನು ನೀಡಿತೆಂಬುದು ನಿಜ. ಆದರೆ ರಾತ್ರಿಶಾಲೆಯಲ್ಲಿ ಅವರು ಪ್ರಶ್ನಿಸುವವರಾಗಿದ್ದರು. ಗುಂಪಿನಲ್ಲಿ ಯೋಜನೆಯ ಫಲಾನುಭವಿಗಳಾದರು. ಅಧಿಕಾರಿಯ ಸಹಾಯವನ್ನು ಅವಲಂಬಿಸಿದ ಸಂಘಟನೆ ಅದೇ ಅಧಿಕಾರವನ್ನು ಎದುರಿಸುವುದು ಸುಲಭವಲ್ಲ.

ಕನ್ನಡನಾಡಿಗೂ ಈ ಪ್ರಶ್ನೆ ಹೊರತಲ್ಲ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಆದರೂ 2019ರ ಜನವರಿಯಲ್ಲಿ ಗ್ರಾಮೀಣ ಮಹಿಳೆಯರು ಮದ್ಯನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಬರಬೇಕಾಯಿತು. ಶಾಸನವನ್ನು ಪಡೆಯಲು ಚಳವಳಿಯ ಆವೇಶ ಸಾಕಾಗಬಹುದು. ಅದನ್ನು ಉಳಿಸಿಕೊಳ್ಳಲು ಸರಕಾರದ ಹಂಗಿಲ್ಲದ, ನಿರಂತರವಾದ ಸಂಘಟನೆ ಬೇಕು. ನೆಲ್ಲೂರಿನ ಗೆಲುವು ಮತ್ತು ಸೋಲು ಎರಡೂ ಕಲಿಸುವ ಪಾಠವಿದು.